ಕೊಟ್ಟೂರು ಎಂದರೆ ಯಾವ ಕೊಟ್ಟೂರು? ಸ್ಮಾರ್ಟ್‌ವಾಚ್ ಆ್ಯಪ್‌ಗೆ ಊರಿನ ನಿರ್ದೇಶಾಂಕ ಕೊಡುವ ಕ್ರಮ

ಸ್ಮಾರ್ಟ್‌ವಾಚ್‌ನಲ್ಲಿ ಹವಾಮಾನ, ಸೂರ್ಯೋದಯ ಅಥವಾ ದಿಕ್ಕು ತೋರಿಸುವ ಆ್ಯಪ್ ಹಾಕಿಕೊಂಡವರಿಗೆ ಮೊದಲು ಎದುರಾಗುವ ತೊಡಕು ಊರಿನ ಹೆಸರಿನದು. ಸೆಟ್ಟಿಂಗ್ಸ್‌ನಲ್ಲಿ ‘ಕೊಟ್ಟೂರು’ ಎಂದು ಬರೆದರೆ ತಮಿಳುನಾಡಿನ ಕೊಟ್ಟೂರಿನ ಮಳೆ, ‘ಅರಸೀಕೆರೆ’ ಎಂದು ಬರೆದರೆ ಹಾಸನ ಜಿಲ್ಲೆಯ ಅರಸೀಕೆರೆಯ ಉಷ್ಣಾಂಶ, ‘ಉಜ್ಜಿನಿ’ ಎಂದು ಬರೆದರೆ ಮಧ್ಯಪ್ರದೇಶದ ಉಜ್ಜಯಿನಿಯ ಬಿಸಿಲು ವಾಚ್‌ನಲ್ಲಿ ಮೂಡುವ ಸಾಧ್ಯತೆ ಇದ್ದೇ ಇದೆ. ತಪ್ಪಾಗಿದೆ ಎಂಬ ಸೂಚನೆಯನ್ನು ಆ್ಯಪ್ ಕೊಡುವುದಿಲ್ಲ, ಬಂದ ಅಂಕಿಯೂ ನಂಬುವಂತೆಯೇ ಇರುತ್ತದೆ. ಶೇಂಗಾ ಬಿತ್ತನೆಗೆ ಹದ ನೋಡುತ್ತಿರುವ ಕೂಡ್ಲಿಗಿಯ ರೈತನಾಗಲಿ, ಹಡಗಲಿಯಲ್ಲಿ ನಸುಕಿನಲ್ಲೇ ಮಲ್ಲಿಗೆ ಮೊಗ್ಗು ಬಿಡಿಸಲು ಹೊರಡುವವರಾಗಲಿ ಅದನ್ನು ತಮ್ಮೂರಿನ ಅಂಕಿಯೆಂದೇ ತಿಳಿಯುತ್ತಾರೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಹೆಸರನ್ನು ಸರಿಯಾದ ಅಂಕಿಗಳಾಗಿ ಪರಿವರ್ತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಆ್ಯಪ್ ಬಳಸುವವರಿಗೂ, ಸ್ವತಃ ಸಣ್ಣ ಆ್ಯಪ್ ಬರೆಯುವ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ.

ಹೆಸರು ಅಂಕಿಯಾಗುವ ಬಗೆ

ಭೂಮಿಯ ಮೇಲಿನ ಯಾವುದೇ ಸ್ಥಳವನ್ನು ಎರಡು ಸಂಖ್ಯೆಗಳಿಂದ ಗುರುತಿಸಬಹುದು. ಸಮಭಾಜಕ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನೀಯ ದೂರ ಅಕ್ಷಾಂಶ. ಗ್ರೀನಿಚ್ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಕೋನೀಯ ದೂರ ರೇಖಾಂಶ. ಈ ಜೋಡಿಗೆ ನಿರ್ದೇಶಾಂಕ ಎಂದು ಹೆಸರು. 1802ರಲ್ಲಿ ಮದರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಾಪನ ಸರ್ವೇಕ್ಷಣೆಯ ಕಾಲದಲ್ಲಿ ಇಂಥ ಒಂದು ಜೋಡಿಯನ್ನು ನಿಖರವಾಗಿ ಕಂಡುಹಿಡಿಯಲು ತಿಂಗಳುಗಟ್ಟಲೆ ಅಳತೆ ಬೇಕಾಗುತ್ತಿತ್ತು. ಇಂದು ಜಿಪಿಎಸ್ ಇರುವ ಯಾವುದೇ ಫೋನ್ ಅದನ್ನು ಕ್ಷಣದಲ್ಲಿ ಹೇಳುತ್ತದೆ. ಆದರೆ ಜಿಪಿಎಸ್ ಹೇಳುವುದು ಫೋನ್ ಇರುವ ಜಾಗವನ್ನು ಮಾತ್ರ. ಬೆಂಗಳೂರಿನಲ್ಲಿ ಕುಳಿತು ಹರಪನಹಳ್ಳಿಯ ಹೊಲದ ಮಳೆ ತಿಳಿಯಬೇಕಾದವರಿಗೆ ಹೆಸರಿನಿಂದ ನಿರ್ದೇಶಾಂಕ ಹುಡುಕುವ ಇನ್ನೊಂದು ದಾರಿ ಬೇಕು. ಆ ಕ್ರಿಯೆಯೇ ಜಿಯೋಕೋಡಿಂಗ್. ಅಂಕಿಗಳಿಂದ ಹೆಸರು ಪಡೆಯುವ ವಿಲೋಮ ಕ್ರಿಯೆಗೆ ರಿವರ್ಸ್ ಜಿಯೋಕೋಡಿಂಗ್ ಎನ್ನುತ್ತಾರೆ.

ಈ ಹುಡುಕಾಟವನ್ನು ಸಾಮಾನ್ಯವಾಗಿ ವಾಚ್ ತಾನೇ ಮಾಡುವುದಿಲ್ಲ. ಬಹುತೇಕ ವಾಚ್‌ಗಳು ಬ್ಲೂಟೂತ್ ಮೂಲಕ ಫೋನ್‌ಗೆ ಅಂಟಿಕೊಂಡಿದ್ದು, ಫೋನ್ ಇಂಟರ್ನೆಟ್ ಮೂಲಕ ಸ್ಥಳನಾಮಗಳ ಒಂದು ದೊಡ್ಡ ಕೋಶವನ್ನು ಕೇಳಿ, ಬಂದ ಉತ್ತರದಲ್ಲಿ ಎರಡು ಅಂಕಿಗಳನ್ನಷ್ಟೇ ವಾಚ್‌ಗೆ ದಾಟಿಸುತ್ತದೆ. ಅಂಥ ಕೋಶಗಳಲ್ಲಿ ಎರಡು ಮುಖ್ಯ. ಮೊದಲನೆಯದು, 2004ರಲ್ಲಿ ಆರಂಭವಾಗಿ ಸ್ವಯಂಸೇವಕರಿಂದ ಬೆಳೆದ ಓಪನ್‌ಸ್ಟ್ರೀಟ್‌ಮ್ಯಾಪ್. ಅದರ ಹುಡುಕು ಸೇವೆಗೆ ನಾಮಿನಾಟಿಮ್ ಎಂದು ಹೆಸರು. ಎರಡನೆಯದು ಜಿಯೋನೇಮ್ಸ್. ಓಪನ್‌ಮೀಟಿಯೊ ಎಂಬ ಹವಾಮಾನ ಸೇವೆಯ ಜಿಯೋಕೋಡಿಂಗ್ ಈ ಕೋಶವನ್ನು ಆಧರಿಸಿದ್ದು, ವಾಣಿಜ್ಯೇತರ ಬಳಕೆಗೆ ನೋಂದಣಿಯಿಲ್ಲದೆ ದೊರೆಯುತ್ತದೆ.

ಕೋಶದಲ್ಲಿ ಒಂದೇ ಹೆಸರಿನ ಹತ್ತು ಊರುಗಳಿದ್ದರೆ ಸೇವೆ ಸಾಮಾನ್ಯವಾಗಿ ಹೆಚ್ಚು ಪ್ರಸಿದ್ಧವಾದುದನ್ನೋ ಹೆಚ್ಚು ಜನಸಂಖ್ಯೆಯುಳ್ಳದ್ದನ್ನೋ ಮೊದಲಿಗಿಡುತ್ತದೆ. ಆ ಮೊದಲ ಉತ್ತರವನ್ನೇ ಕಣ್ಣುಮುಚ್ಚಿ ಒಪ್ಪಿಕೊಳ್ಳುವ ಆ್ಯಪ್‌ಗಳು ಬಹಳ. ಸಣ್ಣ ಊರುಗಳಿಗೆ ಅನ್ಯಾಯವಾಗುವುದು ಈ ಹಂತದಲ್ಲಿ.

ಐದು ತಾಲ್ಲೂಕುಗಳ ಹೆಸರಿನ ತೊಡಕು

ಈ ಭಾಗದ ಹೆಸರುಗಳಲ್ಲಿ ಮೂರು ಬಗೆಯ ಗೊಂದಲಗಳಿವೆ.

ಮೊದಲನೆಯದು ಕಾಗುಣಿತದ್ದು. ರೋಮನ್ ಲಿಪಿಯಲ್ಲಿ ಹೂವಿನಹಡಗಲಿಯನ್ನು ‘ಹೂವಿನ’, ‘ಹುವಿನ’, ‘ಹುವಿನ್’ ಎಂದೆಲ್ಲ ಬರೆಯುವ ರೂಢಿಯಿದೆ. ‘ಹಡಗಲಿ’ ಎಂಬ ಭಾಗದಲ್ಲಿ ಲಕಾರ ಒಮ್ಮೆ ಒಂಟಿ, ಒಮ್ಮೆ ಜೋಡಿ. ಹರಪನಹಳ್ಳಿ ಹಳೆಯ ದಾಖಲೆಗಳಲ್ಲಿ ‘ಹರ್ಪನಹಳ್ಳಿ’. ಹಗರಿಬೊಮ್ಮನಹಳ್ಳಿಯನ್ನು ಬಸ್ ನಿಲ್ದಾಣದಲ್ಲಿ ಎಲ್ಲರೂ ಎಚ್.ಬಿ. ಹಳ್ಳಿ ಎನ್ನುತ್ತಾರಾದರೂ ಆ ಹೆಸರು ಕೋಶದಲ್ಲಿ ಇರಲೇಬೇಕೆಂಬ ಖಾತ್ರಿಯಿಲ್ಲ. ಅದೇ ಹೆಸರನ್ನು ಬಿಡಿಸಿ ‘ಹಗರಿ ಬೊಮ್ಮನಹಳ್ಳಿ’ ಎಂದು ಬರೆದರೆ ಎರಡನೆಯ ಪದವನ್ನಷ್ಟೇ ಹಿಡಿದ ಸೇವೆ ಬೆಂಗಳೂರಿನ ಬೊಮ್ಮನಹಳ್ಳಿಗೆ ಹೋಗಿಬಿಡಬಹುದು.

ಎರಡನೆಯದು ಸಮನಾಮದ್ದು. ಹರಪನಹಳ್ಳಿ ತಾಲ್ಲೂಕಿನಲ್ಲಿ ಒಂದು ಅರಸೀಕೆರೆ ಇದೆ, ರೈಲ್ವೆ ಜಂಕ್ಷನ್‌ನಿಂದ ಹೆಸರಾದ ಹಾಸನ ಜಿಲ್ಲೆಯ ಅರಸೀಕೆರೆ ಬೇರೆ. ಹಡಗಲಿ ತಾಲ್ಲೂಕಿನಲ್ಲಿ ಇಟ್ಟಿಗಿ ಇದೆ, ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯಲ್ಲಿದೆ. ರೋಮನ್ ಲಿಪಿಗೆ ಬಂದಾಗ ಇವೆರಡೂ ಬಹುಮಟ್ಟಿಗೆ ಒಂದೇ ಆಗುತ್ತವೆ. ಕಾರ್ಣಿಕದ ಮೈಲಾರ ಹಡಗಲಿ ತಾಲ್ಲೂಕಿನಲ್ಲಿದ್ದರೆ ಬೀದರ ಜಿಲ್ಲೆಯಲ್ಲೂ ಒಂದು ಮೈಲಾರವಿದೆ. ಪಂಚಪೀಠಗಳಲ್ಲಿ ಒಂದಾದ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯನ್ನು ಉಜ್ಜಯಿನಿ ಎಂದೂ ಬರೆಯುವುದರಿಂದ, ಸುಮಾರು ಒಂಬತ್ತು ನೂರು ಕಿಲೋಮೀಟರ್ ಉತ್ತರಕ್ಕಿರುವ ಮಹಾಕಾಲನ ಉಜ್ಜಯಿನಿ ಸಹಜವಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಕೊಟ್ಟೂರು ಎಂಬ ಹೆಸರಂತೂ ತಮಿಳುನಾಡಿನ ಕೊಯಮತ್ತೂರು, ತಿರುವಾರೂರು ಜಿಲ್ಲೆಗಳಲ್ಲೂ ಕೇರಳದ ತಿರುವನಂತಪುರ ಜಿಲ್ಲೆಯಲ್ಲೂ ಇದೆ.

ಮೂರನೆಯದು ಆಡಳಿತದ ಗಡಿಗಳದ್ದು. ಹೆಚ್ಚು ಮಂದಿ ಗಮನಿಸದೆ ಬಿಡುವುದೂ ಇದನ್ನೇ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ದೀರ್ಘ ಒತ್ತಾಯದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಬಳ್ಳಾರಿಯ ಹೆಸರಿನ ರೋಮನ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾಯಿತು. ಕೋಶಗಳು ಈ ಬದಲಾವಣೆಗಳನ್ನೆಲ್ಲ ಒಂದೇ ವೇಗದಲ್ಲಿ ಅಳವಡಿಸಿಕೊಳ್ಳುವುದಿಲ್ಲವಾದ್ದರಿಂದ, ಒಂದೇ ಊರು ಒಂದು ಕಡೆ ಬಳ್ಳಾರಿ ಜಿಲ್ಲೆಯದೆಂದೂ ಇನ್ನೊಂದು ಕಡೆ ವಿಜಯನಗರ ಜಿಲ್ಲೆಯದೆಂದೂ ದಾಖಲಾಗಿರಬಹುದು. ಹೊಸ ಜಿಲ್ಲೆಯ ಹೆಸರನ್ನೇ ಕಡ್ಡಾಯವಾಗಿ ನಿರೀಕ್ಷಿಸುವ ಆ್ಯಪ್ ಸರಿಯಾದ ಉತ್ತರವನ್ನೂ ತಳ್ಳಿಹಾಕುತ್ತದೆ. ಸಾಲದೆಂಬಂತೆ, ವಿಜಯನಗರ ಎಂಬ ಬಡಾವಣೆ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇದೆ, ಆಂಧ್ರದಲ್ಲಿ ವಿಜಯನಗರಂ ಜಿಲ್ಲೆಯೇ ಇದೆ. ಹೀಗಾಗಿ ಊರಿನ ಜೊತೆ ಜಿಲ್ಲೆಯ ಹೆಸರು ಸೇರಿಸುವುದೂ ಕೆಲವೊಮ್ಮೆ ಹುಡುಕಾಟವನ್ನು ದಾರಿ ತಪ್ಪಿಸುತ್ತದೆ. ರಾಜ್ಯದ ಹೆಸರು ಇದಕ್ಕಿಂತ ಭದ್ರವಾದ ಆಧಾರ.

ಅನುಸರಿಸಬೇಕಾದ ಕ್ರಮ

1. ಮೊದಲು ಉದ್ದೇಶ ನಿರ್ಧರಿಸಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಈ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 107 ಕಿಲೋಮೀಟರ್. ಅಂದರೆ ದಶಮಾಂಶದ ಎರಡು ಸ್ಥಾನಗಳು ಸುಮಾರು ಒಂದು ಕಿಲೋಮೀಟರ್‌ನಷ್ಟು ನಿಖರತೆಯನ್ನೂ ನಾಲ್ಕು ಸ್ಥಾನಗಳು ಸುಮಾರು 11 ಮೀಟರ್ ನಿಖರತೆಯನ್ನೂ ಕೊಡುತ್ತವೆ. ಹವಾಮಾನ ಮಾದರಿಗಳು ನೆಲವನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುವುದರಿಂದ ಮಳೆ, ಉಷ್ಣಾಂಶಕ್ಕೆ ಎರಡು ಸ್ಥಾನ ಧಾರಾಳವಾಗಿ ಸಾಕು. ಬಾವಿಗೋ ಹೊಲದ ಬದುವಿಗೋ ದಾರಿ ತೋರಿಸಬೇಕಾದರೆ ಮಾತ್ರ ನಾಲ್ಕೋ ಐದೋ ಸ್ಥಾನ ಬೇಕು.

2. ಹೆಸರನ್ನು ಕನ್ನಡದಲ್ಲೂ ರೋಮನ್‌ನಲ್ಲೂ ಹುಡುಕಿ. ಒಂದು ಲಿಪಿಯಲ್ಲಿ ಸಿಗದ ಊರು ಇನ್ನೊಂದರಲ್ಲಿ ಸಿಗಬಹುದು. ಕನ್ನಡದಲ್ಲಿ ಬರೆಯುವಾಗ ಅಕ್ಷರ ಯೂನಿಕೋಡ್‌ನದೇ ಆಗಿರಬೇಕು. ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪಾದ ಪಠ್ಯವನ್ನು ಕಾಪಿ ಮಾಡಿ ಹಾಕಿದರೆ ಸರ್ವರ್‌ಗೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಆ್ಯಪ್ ಬರೆಯುವವರು ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ನೋಡಿಕೊಳ್ಳಬೇಕು. ‘ಕೊಟ್ಟೂರು’, ‘ಹಗರಿಬೊಮ್ಮನಹಳ್ಳಿ’ ಎರಡರಲ್ಲೂ ಬರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಪದಗಳು. ಹುಡುಕುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ತಂದುಕೊಂಡರೆ ಈ ತೊಂದರೆ ಉಳಿಯುವುದಿಲ್ಲ. ವೆಬ್ ವಿಳಾಸದಲ್ಲಿ ಕಳುಹಿಸುವಾಗ ಪ್ರತಿ ಕನ್ನಡ ಚಿಹ್ನೆಯೂ ಮೂರು ಬೈಟ್‌ಗಳಾಗಿ, ಪ್ರತಿ ಬೈಟ್ ಶೇಕಡಾ ಗುರುತು ಸೇರಿ ಮೂರು ಅಕ್ಷರಗಳಾಗಿ ಬದಲಾಗುತ್ತದೆ. ಎಂಟು ಚಿಹ್ನೆಗಳ ‘ಕೂಡ್ಲಿಗಿ’ ಹೀಗೆ 72 ಅಕ್ಷರಗಳಷ್ಟು ಉದ್ದವಾಗುತ್ತದೆ. ವಿಳಾಸಕ್ಕೆ ಸಣ್ಣ ಜಾಗ ಮೀಸಲಿಟ್ಟ ಆ್ಯಪ್ ‘ಹಗರಿಬೊಮ್ಮನಹಳ್ಳಿ’ಯನ್ನು ನಡುವೆಯೇ ಕತ್ತರಿಸಿ ಕಳುಹಿಸುವುದು ಇದರಿಂದಲೇ.

3. ಒಂದೇ ಉತ್ತರ ಕೇಳದೆ ಹತ್ತು ಉತ್ತರ ಕೇಳಿ. ಓಪನ್‌ಮೀಟಿಯೊ ಸೇವೆ ಊರಿನ ಹೆಸರನ್ನೋ ಪಿನ್‌ಕೋಡನ್ನೋ ತೆಗೆದುಕೊಂಡು, ಬೇರೆ ಹೇಳದಿದ್ದರೆ ಹತ್ತು ಉತ್ತರಗಳವರೆಗೆ ಕೊಡುತ್ತದೆ. ಪ್ರತಿ ಉತ್ತರದ ಜೊತೆ ರಾಜ್ಯ, ಜಿಲ್ಲೆ, ದೇಶದ ಮಾಹಿತಿ ಇದ್ದಲ್ಲಿ ಅದೂ ಬರುತ್ತದೆ. ರಾಜ್ಯದಿಂದ ಸೋಸುವ ಕೆಲಸ ಬಂದ ಉತ್ತರಗಳ ಮೇಲೆ ನಡೆಯಬೇಕು. ನಾಮಿನಾಟಿಮ್‌ನಲ್ಲಾದರೆ ಪ್ರಶ್ನೆಯಲ್ಲೇ ಭಾರತಕ್ಕೆ ಸೀಮಿತಗೊಳಿಸಲು, ಊರು ಮತ್ತು ರಾಜ್ಯಗಳನ್ನು ಬೇರೆ ಬೇರೆ ಖಾನೆಯಲ್ಲಿ ಕೊಡಲು, ನಕ್ಷೆಯ ಒಂದು ಚೌಕಟ್ಟಿನೊಳಗೆ ಮಾತ್ರ ಹುಡುಕೆಂದು ಹೇಳಲು ಅವಕಾಶವಿದೆ.

4. ಚೌಕಟ್ಟಿನ ಪರೀಕ್ಷೆ ಮಾಡಿ. ಈ ಐದು ತಾಲ್ಲೂಕುಗಳ ಊರುಗಳಿಗೆ ಅಕ್ಷಾಂಶ 14.4ರಿಂದ 15.4, ರೇಖಾಂಶ 75.6ರಿಂದ 76.8 ಎಂಬ ಚೌಕಟ್ಟು ಉಪಯುಕ್ತ. ಇದರೊಳಗೆ ನೆರೆಯ ಜಿಲ್ಲೆಗಳ ಕೆಲವು ಭಾಗಗಳೂ ಬರುತ್ತವೆಯಾದರೂ ತಮಿಳುನಾಡಿನ ಕೊಟ್ಟೂರು, ಹಾಸನದ ಅರಸೀಕೆರೆ, ಮಧ್ಯಪ್ರದೇಶದ ಉಜ್ಜಯಿನಿ, ಬೆಂಗಳೂರಿನ ಬೊಮ್ಮನಹಳ್ಳಿ ಎಲ್ಲವೂ ಹೊರಗುಳಿಯುತ್ತವೆ. ಕೊಪ್ಪಳ ಜಿಲ್ಲೆಯ ಇಟಗಿ ಈ ಚೌಕಟ್ಟಿನ ಉತ್ತರದ ಅಂಚಿಗೆ ತೀರ ಹತ್ತಿರವಿರುವುದರಿಂದ, ಹತ್ತಿರದ ಸಮನಾಮಗಳಿಗೆ ಜಿಲ್ಲೆಯ ಹೆಸರನ್ನೂ ನೋಡಲೇಬೇಕು. ಹಾಗೆ ನೋಡುವಾಗ ವಿಜಯನಗರ, ಬಳ್ಳಾರಿ ಎರಡನ್ನೂ, ಹರಪನಹಳ್ಳಿ ತಾಲ್ಲೂಕಿನ ಊರಾದರೆ ದಾವಣಗೆರೆಯನ್ನೂ ಒಪ್ಪಿಕೊಳ್ಳಿ. ಹೋಲಿಸಿ ನೋಡಲು ಪಟ್ಟಣಗಳ ಅಂದಾಜು ನಿರ್ದೇಶಾಂಕಗಳು ಹೀಗಿವೆ:

ಕೂಡ್ಲಿಗಿ – ಅಕ್ಷಾಂಶ 14.90, ರೇಖಾಂಶ 76.38
ಕೊಟ್ಟೂರು – ಅಕ್ಷಾಂಶ 14.82, ರೇಖಾಂಶ 76.22
ಹಗರಿಬೊಮ್ಮನಹಳ್ಳಿ – ಅಕ್ಷಾಂಶ 15.04, ರೇಖಾಂಶ 76.20
ಹೂವಿನಹಡಗಲಿ – ಅಕ್ಷಾಂಶ 15.02, ರೇಖಾಂಶ 75.93
ಹರಪನಹಳ್ಳಿ – ಅಕ್ಷಾಂಶ 14.79, ರೇಖಾಂಶ 75.99

5. ಚೌಕಟ್ಟಿನೊಳಗೆ ಒಂದಕ್ಕಿಂತ ಹೆಚ್ಚು ಉತ್ತರ ಉಳಿದರೆ ಆಯ್ಕೆಯನ್ನು ಬಳಸುವವರಿಗೆ ಬಿಡಿ. ‘ಹೊಸಹಳ್ಳಿ’ ಎಂದು ಬರೆದವರ ಮನಸ್ಸಿನಲ್ಲಿರುವುದು ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯೋ ಬೇರೊಂದು ಹೊಸಹಳ್ಳಿಯೋ ಎಂಬುದನ್ನು ಯಾವ ಲೆಕ್ಕಾಚಾರವೂ ಊಹಿಸಲಾರದು. ಫೋನ್‌ನ ಪರದೆಯಲ್ಲಿ ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ತೋರಿಸುವ ಪಟ್ಟಿ ಇದ್ದರೆ ಕೆಲಸ ಮುಗಿಯಿತು. ನಾಮಿನಾಟಿಮ್‌ನ ಉತ್ತರದಲ್ಲಿ ಭಾರತದ ತಾಲ್ಲೂಕು ‘ಕೌಂಟಿ’ ಎಂಬ ಖಾನೆಯಲ್ಲೂ ಜಿಲ್ಲೆ ‘ಸ್ಟೇಟ್ ಡಿಸ್ಟ್ರಿಕ್ಟ್’ ಎಂಬ ಖಾನೆಯಲ್ಲೂ ಬರುತ್ತದೆಂಬುದು ನೆನಪಿರಲಿ.

6. ಆಯ್ದ ಅಂಕಿಗಳನ್ನು ಉಳಿಸಿಕೊಳ್ಳಿ. ಊರು ಜಾಗ ಬದಲಿಸುವುದಿಲ್ಲ. ಹವಾಮಾನ ಗಂಟೆಗೊಮ್ಮೆ ಹೊಸದಾಗಬೇಕು, ನಿರ್ದೇಶಾಂಕ ಒಮ್ಮೆ ಸಿಕ್ಕರೆ ಸಾಕು. ಪ್ರತಿ ಸಲವೂ ಹೆಸರಿನಿಂದ ಹುಡುಕುವ ಆ್ಯಪ್ ನೆಟ್‌ವರ್ಕ್ ಕ್ಷೀಣವಾಗಿರುವ ಕಡೆ ಹವಾಮಾನವನ್ನೂ ತೋರಿಸಲಾರದೆ, ಫೋನ್‌ನ ಬ್ಯಾಟರಿಯನ್ನೂ ತಿನ್ನುತ್ತದೆ.

7. ವಾಚ್‌ಗೆ ಕಳುಹಿಸುವ ರೂಪವನ್ನು ಪರಿಶೀಲಿಸಿ. ಪೆಬಲ್ ವಾಚ್‌ಗಳ ಸಂದೇಶ ವ್ಯವಸ್ಥೆಯಲ್ಲಿ ದಶಮಾಂಶ ಸಂಖ್ಯೆಗೆ ನೇರ ಸ್ಥಾನವಿಲ್ಲದ್ದರಿಂದ ಅಂಕಿಯನ್ನು 10,000ದಿಂದ ಗುಣಿಸಿ ಪೂರ್ಣಾಂಕವಾಗಿ ಕಳುಹಿಸಿ, ವಾಚ್‌ನಲ್ಲಿ ಮರಳಿ ಭಾಗಿಸಬೇಕು. ಕೂಡ್ಲಿಗಿಯ ಜೋಡಿ ಆಗ 1,49,000 ಮತ್ತು 7,63,800 ಆಗುತ್ತದೆ. ಇವು 16 ಬಿಟ್‌ನ ಮಿತಿಯನ್ನು ಮೀರುವುದರಿಂದ 32 ಬಿಟ್‌ನ ಪೂರ್ಣಾಂಕವೇ ಬೇಕು. ಗಾರ್ಮಿನ್ ಸಾಧನಗಳ ಚಟುವಟಿಕೆ ಕಡತಗಳಲ್ಲಿ ಅಂಕಿಗಳು ಡಿಗ್ರಿಯಲ್ಲಿರದೆ ‘ಸೆಮಿಸರ್ಕಲ್’ ಎಂಬ ಮಾನದಲ್ಲಿರುತ್ತವೆ. 180 ಡಿಗ್ರಿಗಳನ್ನು ಎರಡರ 31ನೆಯ ಘಾತದಷ್ಟು ಭಾಗ ಮಾಡಿದಾಗ ಸಿಗುವ ಒಂದು ಭಾಗವೇ ಒಂದು ಸೆಮಿಸರ್ಕಲ್. ಆ ಲೆಕ್ಕದಲ್ಲಿ ಕೂಡ್ಲಿಗಿಯ ಅಕ್ಷಾಂಶ ಸುಮಾರು 17.78 ಕೋಟಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅಂಕಿಗಳ ಅದಲುಬದಲು. ನಾವು ಮಾತಿನಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ; ನಕ್ಷೆಯ ದತ್ತಾಂಶ ಸಾಗಿಸುವ ಜಿಯೋಜೇಸನ್ ಎಂಬ ರೂಪದಲ್ಲಿ ರೇಖಾಂಶ ಮೊದಲು ಬರುತ್ತದೆ. ಕೂಡ್ಲಿಗಿಯ ಅಂಕಿಗಳು ತಿರುಗಿಬಿದ್ದರೆ ಆ್ಯಪ್ ಆರ್ಕ್ಟಿಕ್ ವಲಯದಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಯ ಬಳಿಯ ಸಮುದ್ರಕ್ಕೆ ಹೋಗುತ್ತದೆ. ಜೂನ್‌ನಲ್ಲಿ ಸೂರ್ಯಾಸ್ತದ ಜಾಗ ಖಾಲಿ, ಡಿಸೆಂಬರ್‌ನಲ್ಲಿ ಸೂರ್ಯೋದಯದ ಜಾಗ ಖಾಲಿ. ಕರ್ನಾಟಕದಲ್ಲಿ ಅಕ್ಷಾಂಶ 11ರಿಂದ 19ರ ನಡುವೆಯೂ ರೇಖಾಂಶ 74ರಿಂದ 79ರ ನಡುವೆಯೂ ಇರುವುದರಿಂದ ಈ ತಪ್ಪನ್ನು ಹಿಡಿಯುವುದು ಸುಲಭ: ಅಕ್ಷಾಂಶದ ಜಾಗದಲ್ಲಿ 70ಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅದಲುಬದಲಾಗಿದೆ ಎಂದೇ ಅರ್ಥ.

ಮಿನಿಟುಗಳನ್ನು ದಶಮಾಂಶವೆಂದು ಓದುವುದು. ಹಳೆಯ ಗ್ಯಾಝೆಟಿಯರ್‌ಗಳೂ ನಕ್ಷೆಗಳೂ ಪಂಚಾಂಗಗಳೂ ಅಕ್ಷಾಂಶವನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ಕೊಡುತ್ತವೆ. ಕೂಡ್ಲಿಗಿ ಸುಮಾರು 14 ಡಿಗ್ರಿ 54 ಮಿನಿಟಿನಲ್ಲಿದೆ. ಡಿಗ್ರಿಗೆ 60 ಮಿನಿಟು ಆದ್ದರಿಂದ 54ನ್ನು 60ರಿಂದ ಭಾಗಿಸಿ 14.90 ಎಂದು ಬರೆಯಬೇಕು. ಅದನ್ನು ಮರೆತು 14.54 ಎಂದು ಹಾಕಿದರೆ ಜಾಗ 40 ಕಿಲೋಮೀಟರ್‌ನಷ್ಟು ದಕ್ಷಿಣಕ್ಕೆ ಸರಿದು ಜಗಳೂರಿನ ಆಸುಪಾಸಿಗೆ ಬೀಳುತ್ತದೆ. ಇದು ಎಲ್ಲಕ್ಕಿಂತ ಅಪಾಯದ ತಪ್ಪು, ಏಕೆಂದರೆ ಹೊಸ ಜಾಗವೂ ಮೇಲೆ ಹೇಳಿದ ಚೌಕಟ್ಟಿನೊಳಗೇ ಇದೆ, ಹವಾಮಾನವೂ ಹೆಚ್ಚುಕಡಿಮೆ ಅದೇ. ನಕ್ಷೆಯ ಮೇಲೆ ಬಿಂದುವನ್ನು ಇಟ್ಟು ಕಣ್ಣಾರೆ ನೋಡದ ಹೊರತು ಇದು ತಿಳಿಯುವುದಿಲ್ಲ.

ನಡುಮಧ್ಯಾಹ್ನದ ವೇಳೆ ಸರಿಯಿದ್ದರೆ ಜಾಗವೂ ಸರಿಯೆಂದು ನಂಬುವುದು. ಭಾರತದ ಸಮಯ 82.5 ಡಿಗ್ರಿ ರೇಖಾಂಶವನ್ನು ಆಧರಿಸಿದ್ದು, ರೇಖಾಂಶದ ಪ್ರತಿ ಡಿಗ್ರಿಗೂ ಸೂರ್ಯನ ವೇಳೆಯಲ್ಲಿ ನಾಲ್ಕು ನಿಮಿಷದ ಅಂತರ ಬರುತ್ತದೆ. ಅದರಂತೆ ವರ್ಷದ ಸರಾಸರಿಯಲ್ಲಿ ಕೂಡ್ಲಿಗಿಯ ನಡುಮಧ್ಯಾಹ್ನ 12 ಗಂಟೆಗಿಂತ ಸುಮಾರು ಇಪ್ಪತ್ತನಾಲ್ಕೂವರೆ ನಿಮಿಷ ತಡವಾದರೆ, ಹಡಗಲಿಯದು ಅದಕ್ಕಿಂತಲೂ ಸುಮಾರು ಎರಡು ನಿಮಿಷ ತಡ. ಹಾಸನದ ಅರಸೀಕೆರೆಯಾಗಲಿ ಮಧ್ಯಪ್ರದೇಶದ ಉಜ್ಜಯಿನಿಯಾಗಲಿ ಇದೇ ರೇಖಾಂಶದ ಆಸುಪಾಸಿನಲ್ಲಿರುವುದರಿಂದ ಅವುಗಳ ನಡುಮಧ್ಯಾಹ್ನದ ವೇಳೆಯೂ ಬಹುತೇಕ ಇದೇ. ನಡುಮಧ್ಯಾಹ್ನದ ವೇಳೆ ಪೂರ್ವ–ಪಶ್ಚಿಮದ ತಪ್ಪನ್ನು ತೋರಿಸುತ್ತದೆಯೇ ಹೊರತು ಉತ್ತರ–ದಕ್ಷಿಣದ ತಪ್ಪನ್ನು ಅಷ್ಟಾಗಿ ತೋರಿಸುವುದಿಲ್ಲ.

ಪಿನ್‌ಕೋಡ್ ಒಂದನ್ನೇ ನೆಚ್ಚುವುದು. ಕೊಟ್ಟೂರಿನ 583134, ಕೂಡ್ಲಿಗಿಯ 583135 ಮುಂತಾದ ಸಂಖ್ಯೆಗಳು ರಾಜ್ಯವನ್ನು ಖಚಿತಪಡಿಸಲು ಒಳ್ಳೆಯ ಸಾಧನ; ಆದರೆ ಒಂದು ಪಿನ್‌ಕೋಡ್ ಹಲವು ಹಳ್ಳಿಗಳಿಗೆ ಸೇರಿದ್ದು, ಅದರಿಂದ ಸಿಗುವುದು ಆ ಪ್ರದೇಶದ ಯಾವುದೋ ಒಂದು ಬಿಂದು ಮಾತ್ರ.

ಎಚ್ಚರಿಕೆಗಳು

ನಾಮಿನಾಟಿಮ್‌ನ ಸಾರ್ವಜನಿಕ ಸರ್ವರ್ ದೇಣಿಗೆಯಿಂದ ನಡೆಯುವ ಸೇವೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕಳುಹಿಸಬಾರದು. ಆ್ಯಪ್ ತನ್ನ ಗುರುತನ್ನು ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಒಂದೊಂದು ಅಕ್ಷರ ಒತ್ತಿದಾಗಲೂ ಸಲಹೆ ತೋರಿಸುವ ಹುಡುಕಾಟಕ್ಕೆ ಅದನ್ನು ಬಳಸಬಾರದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೆಸರನ್ನು ಆ್ಯಪ್‌ನಲ್ಲಿ ಕಾಣುವಂತೆ ನಮೂದಿಸಬೇಕು. ಈ ನಿಯಮಗಳನ್ನು ಮುರಿದ ಆ್ಯಪ್‌ಗೆ ಸೇವೆ ನಿಂತುಹೋದರೆ ತೊಂದರೆಗೊಳಗಾಗುವವರು ಅದನ್ನು ನಂಬಿದ ಬಳಕೆದಾರರು.

ಮನೆಯ ನಿರ್ದೇಶಾಂಕವನ್ನು ಐದಾರು ದಶಮಾಂಶಗಳೊಂದಿಗೆ ಹವಾಮಾನ ಸೇವೆಗೆ ಕಳುಹಿಸುವುದರಿಂದ ಮಳೆಯ ಮಾಹಿತಿ ಒಂದಿಷ್ಟೂ ಸುಧಾರಿಸುವುದಿಲ್ಲ, ಮನೆಯ ಬಾಗಿಲಿನ ವಿಳಾಸ ಮಾತ್ರ ಬಯಲಾಗುತ್ತದೆ. ಎರಡು ಸ್ಥಾನಕ್ಕೆ ಮೊಟಕುಗೊಳಿಸಿ ಕಳುಹಿಸುವುದೇ ವಿವೇಕ.

ಕೆಲವು ವಾಚ್‌ಗಳಲ್ಲಿ ಕನ್ನಡ ಫಾಂಟ್ ಇಲ್ಲದೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ, ಅಥವಾ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅದು ನಿರ್ದೇಶಾಂಕದ ದೋಷವಲ್ಲ. ಹುಡುಕಾಟ ಕನ್ನಡದಲ್ಲೇ ನಡೆಯಲಿ. ವಾಚ್‌ನಲ್ಲಿ ತೋರಿಸುವ ಹೆಸರನ್ನು ಮಾತ್ರ ಬೇರೆಯಾಗಿ ಬರೆದುಕೊಳ್ಳುವ ಖಾನೆಯೊಂದನ್ನು ಆ್ಯಪ್‌ನಲ್ಲಿ ಇಡಬೇಕು.

ಹೆಸರೇ ಸಿಗದಿದ್ದಾಗ

ಈ ತಾಲ್ಲೂಕುಗಳ ಅನೇಕ ತಾಂಡಾಗಳು, ಗೊಲ್ಲರಹಟ್ಟಿಗಳು ಕೋಶಗಳಲ್ಲಿ ಸಿಗದೆ ಹೋಗಬಹುದು, ಅಥವಾ ಪಕ್ಕದ ದೊಡ್ಡ ಊರಿನ ಹೆಸರಿನೊಳಗೆ ಮುಚ್ಚಿಹೋಗಿರಬಹುದು. ಆಗ ಹೆಸರಿನ ಹುಡುಕಾಟವನ್ನು ಬಿಟ್ಟು ಫೋನ್‌ನ ನಕ್ಷೆಯಲ್ಲಿ ಆ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಅಂಕಿಗಳು ಕಾಣುತ್ತವೆ. ಅವನ್ನೇ ಆ್ಯಪ್‌ನ ಅಕ್ಷಾಂಶ, ರೇಖಾಂಶ ಖಾನೆಗಳಲ್ಲಿ ತುಂಬಬಹುದು. ಅಂಥ ಖಾನೆಗಳನ್ನು ಕೊಡದೆ ಹೆಸರೊಂದನ್ನೇ ಕೇಳುವ ಆ್ಯಪ್ ಹಳ್ಳಿಗಳವರಿಗೆ ತಕ್ಕುದಲ್ಲ.

ಇದಕ್ಕಿಂತ ಮೇಲಿನ ಪರಿಹಾರ ಊರಿನವರ ಕೈಯಲ್ಲೇ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಉಚಿತ ಖಾತೆ ತೆರೆದು, ತಾಂಡಾ ಇರುವ ಜಾಗದಲ್ಲಿ ಬಿಂದು ಇಟ್ಟು, ಜನವಸತಿಯ ಬಗೆಯನ್ನು ಆರಿಸಿ, ಕನ್ನಡದ ಹೆಸರು, ರೋಮನ್ ಹೆಸರು ಮತ್ತು ಜನ ಆಡುವ ಇನ್ನೊಂದು ಹೆಸರನ್ನು ಅವುಗಳಿಗೆಂದೇ ಇರುವ ಬೇರೆ ಬೇರೆ ಖಾನೆಗಳಲ್ಲಿ ಬರೆದರೆ ಸಾಕು. ಎಚ್.ಬಿ. ಹಳ್ಳಿಯಂಥ ಬಳಕೆಯ ಹೆಸರುಗಳಿಗೆ ಸಲ್ಲುವುದು ಆ ಮೂರನೆಯ ಖಾನೆ. ಬೇರೆ ಕಂಪನಿಯ ನಕ್ಷೆಯಿಂದ ಹೆಸರನ್ನಾಗಲಿ ಸ್ಥಳವನ್ನಾಗಲಿ ನಕಲು ಮಾಡಬಾರದು. ಸ್ವತಃ ಬಲ್ಲ ಊರನ್ನಷ್ಟೇ ಸೇರಿಸಬೇಕು. ಹೀಗೆ ಸೇರಿಸಿದ್ದು ನಾಮಿನಾಟಿಮ್‌ನ ಹುಡುಕಾಟದಲ್ಲಿ ಸಾಮಾನ್ಯವಾಗಿ ಬೇಗನೆ ಸಿಗುತ್ತದೆ. ಜಿಯೋನೇಮ್ಸ್ ಬೇರೆಯೇ ಕೋಶವಾದ್ದರಿಂದ ಅಲ್ಲಿಗೂ ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ.